ರಾಗದ್ವೇಷಗಳನ್ನು ಬಿಡುವುದೆಂದರೆ ಹಕ್ಕನ್ನೂ ಬಿಡುವುದೇ?

ಪ್ರಶ್ನೆ: ತುಂಗಾತೀರ

ಎಲ್ಲ ಹಿರಿಯರಿಗೂ ನಮಸ್ಕಾರ. ನನ್ನ ಪ್ರಶ್ನೆ ಶಾಸ್ತ್ರದ್ದೂ ಹೌದು, ಮನೆಯದ್ದೂ ಹೌದು. ಎರಡನ್ನೂ ಬಿಡಿಸಿ ಕೇಳಲು ನನ್ನಿಂದ ಆಗುತ್ತಿಲ್ಲವಾದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ತಂದೆಯವರು ತೀರಿಕೊಂಡ ಮೇಲೆ ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅಣ್ಣನಿಗೂ ನನಗೂ ವ್ಯಾಜ್ಯ ಹುಟ್ಟಿ, ಈಗ ಅದು ಸಿವಿಲ್ ನ್ಯಾಯಾಲಯದಲ್ಲಿದೆ. ತಂದೆಯವರು ಹಾಸಿಗೆ ಹಿಡಿದಿದ್ದಾಗ ಬರೆಸಿದ ಉಯಿಲೊಂದನ್ನು ಅಣ್ಣ ಮುಂದಿಟ್ಟಿದ್ದಾರೆ. ಅದು ತಂದೆಯವರ ಮನಸ್ಸಿನಿಂದ ಬಂದದ್ದಲ್ಲವೆಂದು ನನ್ನ ನಂಬಿಕೆ. ಯಾರ ಕಡೆ ನ್ಯಾಯವಿದೆ ಎಂಬುದನ್ನು ಇಲ್ಲಿ ತೀರ್ಮಾನಿಸಿಕೊಡಿ ಎಂದು ನಾನು ಕೇಳುತ್ತಿಲ್ಲ, ಅದಕ್ಕೆ ನ್ಯಾಯಾಲಯವಿದೆ. ನನ್ನ ತೊಂದರೆ ದೇವರ ಕೋಣೆಯಲ್ಲಿ ಶುರುವಾಗುತ್ತದೆ.

ಬೆಳಿಗ್ಗೆ ಪೂಜೆ, ಸಂಜೆ ವಿಷ್ಣುಸಹಸ್ರನಾಮ, ಬಿಡುವಿದ್ದಾಗ ಗೀತೆಯ ಒಂದು ಅಧ್ಯಾಯ, ಇಷ್ಟು ನನ್ನ ನಿತ್ಯಕ್ರಮ. ಸಹಸ್ರನಾಮದ ಕೊನೆಗೆ, ಪಾರಾಯಣದ ಫಲವನ್ನು ಹೇಳುವ ಫಲಶ್ರುತಿಯಲ್ಲಿ “ನ ಕ್ರೋಧೋ ನ ಚ ಮಾತ್ಸರ್ಯಂ ನ ಲೋಭೋ ನಾಶುಭಾ ಮತಿಃ” ಎಂದಿದೆ; ಪುರುಷೋತ್ತಮನ ಭಕ್ತರಲ್ಲಿ ಕೋಪ, ಮತ್ಸರ, ಲೋಭ, ಕೆಟ್ಟ ಬುದ್ಧಿ ಇವು ಯಾವುವೂ ಇರುವುದಿಲ್ಲವಂತೆ. ಆ ಸಾಲಿಗೆ ಬಂದಾಗಲೆಲ್ಲ ನಾಲಿಗೆ ತಡವರಿಸುತ್ತದೆ, ಏಕೆಂದರೆ ಈ ನಾಲ್ಕೂ ನನ್ನಲ್ಲಿ ತುಂಬಿವೆ. ತೋಟದ ಮೇಲಿನ ಮೋಹ ಒಂದು ಕಡೆ, ಅಣ್ಣನ ಮೇಲಿನ ದ್ವೇಷ ಇನ್ನೊಂದು ಕಡೆ. ಹಾಗಾದರೆ ನಾನು ಮಾಡುತ್ತಿರುವುದು ಭಕ್ತಿಯೇ ಅಲ್ಲವೇ? ರಾಗದ್ವೇಷಗಳನ್ನು, ಅಂದರೆ ಮೋಹವನ್ನೂ ಹಗೆಯನ್ನೂ, ಬಿಡಬೇಕೆಂದು ಶಾಸ್ತ್ರ ಹೇಳುವಾಗ, ದಾವೆಯನ್ನು ಹಿಂದಕ್ಕೆ ಪಡೆದು ಸುಮ್ಮನಿರು ಎಂದು ಅದರ ಅರ್ಥವೇ? ಇನ್ನೊಂದು ಸಂಶಯವೂ ಇದೆ: ದೇವರ ಮೇಲಿನ ಪ್ರೀತಿಯೂ ಒಂದು ರಾಗವೇ ಅಲ್ಲವೇ, ಅದನ್ನು ಉಳಿಸಿಕೊಂಡು ಉಳಿದ ರಾಗಗಳನ್ನು ಮಾತ್ರ ಬಿಡುವುದು ಹೇಗೆ?

ಉತ್ತರ: ಹಳೆಯ ಮೇಷ್ಟ್ರು

ತುಂಗಾತೀರ ಅವರೇ, ನಿಮ್ಮನ್ನು ತಡವರಿಸುವಂತೆ ಮಾಡಿದ ಶ್ಲೋಕ ಇರುವುದು ಫಲಶ್ರುತಿಯಲ್ಲಿ. ಅಲ್ಲಿ ಹೇಳಿರುವುದು ಭಕ್ತಿ ಮಾಗಿದಾಗ ಬರುವ ಸ್ಥಿತಿಯನ್ನೇ ಹೊರತು ಪಾರಾಯಣಕ್ಕೆ ಕೂರಲು ಬೇಕಾದ ಯೋಗ್ಯತೆಯನ್ನಲ್ಲ. ಕೋಪ ಪೂರ್ತಿ ಹೋದ ಮೇಲೆ ಸಹಸ್ರನಾಮ ಹೇಳುತ್ತೇನೆ ಎನ್ನುವವರು ಈ ಜನ್ಮದಲ್ಲಿ ಹೇಳಲಾರರು. ಆದ್ದರಿಂದ ಮೊದಲು ಆ ಹೆದರಿಕೆಯನ್ನು ಬಿಡಿ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಶ್ಲೋಕ ಗೀತೆಯ ಮೂರನೆಯ ಅಧ್ಯಾಯದ 34ನೆಯದು: “ಇಂದ್ರಿಯಸ್ಯೇಂದ್ರಿಯಸ್ಯಾರ್ಥೇ ರಾಗದ್ವೇಷೌ ವ್ಯವಸ್ಥಿತೌ, ತಯೋರ್ನ ವಶಮಾಗಚ್ಛೇತ್.” ಒಂದೊಂದು ಇಂದ್ರಿಯದ ವಿಷಯದಲ್ಲೂ ರಾಗದ್ವೇಷಗಳು ನೆಲೆ ನಿಂತೇ ಇವೆ ಎಂದು ಭಗವಂತನೇ ಒಪ್ಪಿಕೊಂಡು, ಅವುಗಳ ವಶಕ್ಕೆ ಹೋಗಬೇಡ ಎಂದಷ್ಟೇ ಹೇಳುತ್ತಾನೆ. ಅವು ಏಳದಂತೆ ಮಾಡು ಎಂಬ ಆಜ್ಞೆ ಇಲ್ಲಿಲ್ಲ. ಇದಕ್ಕೆ ಹಿಂದಿನ ಶ್ಲೋಕದಲ್ಲಿ, ಪ್ರಾಣಿಗಳೆಲ್ಲ ತಮ್ಮ ಪ್ರಕೃತಿಯನ್ನೇ ಅನುಸರಿಸುತ್ತವೆ, ನಿಗ್ರಹ ಏನು ಮಾಡೀತು ಎಂದು ಬಂದಿದೆ. ಹಾಗಿದ್ದರೆ ಶಾಸ್ತ್ರದಿಂದ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ಶಂಕರರು ತಾವೇ ಎತ್ತಿ, ಪ್ರಕೃತಿ ಮನುಷ್ಯನನ್ನು ತನ್ನ ಕೆಲಸಕ್ಕೆ ಹಚ್ಚುವುದು ರಾಗದ್ವೇಷಗಳನ್ನು ಮುಂದಿಟ್ಟುಕೊಂಡೇ, ಆದ್ದರಿಂದ ಅವುಗಳನ್ನು ಪ್ರತಿಪಕ್ಷದ, ಅಂದರೆ ಅವಕ್ಕೆ ಎದುರಾದ ಭಾವನೆಯ, ಮೂಲಕ ಹಿಡಿತದಲ್ಲಿಟ್ಟವನು ಶಾಸ್ತ್ರದೃಷ್ಟಿಯುಳ್ಳವನಾಗುತ್ತಾನೆ, ಪ್ರಕೃತಿಗೆ ವಶನಾಗುವುದಿಲ್ಲ ಎಂದು ಭಾಷ್ಯದಲ್ಲಿ ಉತ್ತರಿಸುತ್ತಾರೆ. ದ್ವೇಷದ ಅಲೆ ಏಳುವ ಗಳಿಗೆಗೂ ಅದು ಹೇಳಿದಂತೆ ನೀವು ನಡೆಯುವ ಗಳಿಗೆಗೂ ನಡುವೆ ಒಂದು ಎಡೆಯಿದೆ. ಸಾಧನೆ ನಡೆಯಬೇಕಾದದ್ದು ಆ ಎಡೆಯಲ್ಲಿ.

ಪ್ರತಿಪಕ್ಷವೆಂದರೇನು? ಯೋಗಸೂತ್ರದ ಎರಡನೆಯ ಪಾದದಲ್ಲಿ ರಾಗವು ಸುಖವನ್ನೂ ದ್ವೇಷವು ದುಃಖವನ್ನೂ ಹಿಂಬಾಲಿಸಿ ಬರುವಂಥವು ಎಂದಿದೆ. ಎರಡೂ ಬದುಕಿರುವುದು ನೆನಪಿನ ಬಲದ ಮೇಲೆ. ನಿಮ್ಮಣ್ಣ ನಿಮ್ಮ ಮನಸ್ಸಿಗೆ ಬರುವಾಗಲೆಲ್ಲ ಉಯಿಲನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ ಎಂದು ನನ್ನ ಊಹೆ. ಅದೇ ಅಣ್ಣ ನಿಮಗೆ ಹೊಳೆಯಲ್ಲಿ ಈಜು ಕಲಿಸಿರಬಹುದು, ಕಾಲೇಜಿನ ಶುಲ್ಕ ಕಟ್ಟಿರಬಹುದು, ತಂದೆಯವರು ಹೊಡೆಯಲು ಬಂದಾಗ ಅಡ್ಡ ನಿಂತಿರಬಹುದು. ಅದನ್ನೂ ಬೇಕೆಂದೇ ನೆನಪಿಗೆ ತಂದುಕೊಳ್ಳುವುದು ಪ್ರತಿಪಕ್ಷಭಾವನೆ. ಉಯಿಲು ಸುಳ್ಳೆಂಬ ನಿಮ್ಮ ವಾದಕ್ಕೆ ಇದರಿಂದ ಏನೂ ಕುಂದಿಲ್ಲ. ಅಣ್ಣನೆಂದರೆ ಉಯಿಲು ಮಾತ್ರ ಎಂಬ ಕಲ್ಪನೆ ಮಾತ್ರ ಒಡೆಯುತ್ತದೆ.

ಇನ್ನು ದಾವೆಯ ಮಾತು. ಗೀತೆ ಹುಟ್ಟಿದ್ದೇ ದಾಯಾದಿಗಳ ನಡುವಿನ ಪಾಲಿನ ಜಗಳದಲ್ಲಿ. ಬಿಲ್ಲು ಕೆಳಗಿಟ್ಟು ಭಿಕ್ಷೆ ಬೇಡಿ ಬದುಕುತ್ತೇನೆ ಎಂದ ಅರ್ಜುನನನ್ನು ಕೃಷ್ಣ ವೈರಾಗ್ಯಶಾಲಿ ಎಂದು ಹೊಗಳಲಿಲ್ಲ. ‘ನಾನು ಇವರವನು, ಇವರು ನನ್ನವರು’ ಎಂಬ ಭ್ರಾಂತಿಯಿಂದ ಹುಟ್ಟಿದ ಶೋಕವೇ ಅವನ ವಿವೇಕವನ್ನು ಮುಚ್ಚಿತೆಂದು ಶಂಕರರು ಬರೆದಿದ್ದಾರೆ. ಹಿಂದೆಗೆಯುವುದೂ ಮೋಹದಿಂದಲೇ ಆಗಬಹುದು ಎಂದಾಯಿತು. ಹಾಗೆಂದು ಮೊಕದ್ದಮೆ ಹೂಡಿದವರೆಲ್ಲ ಅರ್ಜುನರೆಂದು ತಿಳಿಯಬಾರದು; ಗೀತೆಯನ್ನು ತಮ್ಮ ಜಗಳಕ್ಕೆ ಪರವಾನಗಿ ಮಾಡಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತೋಟ ಬಿಟ್ಟುಕೊಟ್ಟರೆ ರಾಗ ಬಿಟ್ಟಂತೆ ಎಂದೂ ಎಣಿಸಬೇಡಿ. ಭಾಗವತದ ಐದನೆಯ ಸ್ಕಂಧದ ಭರತರಾಜ ಇಡೀ ರಾಜ್ಯವನ್ನು ಬಿಟ್ಟು ಗಂಡಕೀ ತೀರದ ಪುಲಹಾಶ್ರಮಕ್ಕೆ ಹೋದವನು. ನದಿಯಲ್ಲಿ ತೇಲಿಹೋಗುತ್ತಿದ್ದ ಒಂದು ಜಿಂಕೆಮರಿಯನ್ನು ಕರುಣೆಯಿಂದ ಎತ್ತಿಕೊಂಡ, ಅದರ ಚಿಂತೆಯಲ್ಲೇ ಪ್ರಾಣ ಬಿಟ್ಟು ಜಿಂಕೆಯಾಗಿ ಹುಟ್ಟಿದ. ರಾಜ್ಯ ಬಿಟ್ಟವನಿಗೆ ಜಿಂಕೆಮರಿಯನ್ನು ಬಿಡಲಾಗಲಿಲ್ಲ.

ಉತ್ತರ: ಅಂಕಿತವಿಲ್ಲದವಳು

ಮೇಷ್ಟ್ರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಭಕ್ತಿಯೂ ರಾಗವಲ್ಲವೇ ಎಂಬ ಪ್ರಶ್ನೆಯನ್ನು ಅವರು ಮುಟ್ಟಲಿಲ್ಲ. ನಾನು ಬೆಳೆದದ್ದು ದಾಸರ ಪದಗಳ ಮನೆಯಲ್ಲಿ, ಆದ್ದರಿಂದ ಆ ಕಡೆಯಿಂದ ಹೇಳುತ್ತೇನೆ.

ಶ್ರೀಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದ ಮೊದಲ ಅಧ್ಯಾಯದಲ್ಲಿ ಭಕ್ತಿಯೆಂದರೆ ಮಾಹಾತ್ಮ್ಯಜ್ಞಾನಪೂರ್ವಕವಾದ (ದೇವರ ಹಿರಿಮೆಯನ್ನು ಅರಿತು ಹುಟ್ಟಿದ), ಸುದೃಢವಾದ, ಉಳಿದೆಲ್ಲಕ್ಕಿಂತ ಅಧಿಕವಾದ ಸ್ನೇಹ ಎಂದಿದ್ದಾರೆ. ಸ್ನೇಹವೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ, ಅದನ್ನು ಅಡಗಿಸಿಲ್ಲ. ಬೇರೆ ಸ್ನೇಹಗಳಿರಬಾರದೆಂದೂ ಹೇಳಿಲ್ಲ. ಇದು ಎಲ್ಲಕ್ಕಿಂತ ಹೆಚ್ಚಾಗಿರಬೇಕು ಎನ್ನುವುದು ನಿಯಮ. ತೋಟದ ಮೇಲೆ ಪ್ರೀತಿಯಿದ್ದರೆ ಇರಲಿ, ಆದರೆ ತೋಟ ಕೊಟ್ಟವನಿಗಿಂತ ತೋಟ ದೊಡ್ಡದಾದಾಗ ತೊಂದರೆ ಹುಟ್ಟುತ್ತದೆ. ನಾರದಭಕ್ತಿಸೂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಆಚಾರವನ್ನೂ ಅವನಿಗೆ ಅರ್ಪಿಸಿದವನು ಕಾಮಕ್ರೋಧಾಭಿಮಾನಗಳನ್ನೂ ಅವನಲ್ಲಿಯೇ ಮಾಡಬೇಕು ಎನ್ನುತ್ತದೆ. ನಿಮಗೆ ಕೋಪ ಬಂದಿದೆಯೇ? ಅಣ್ಣನ ಮೇಲೆ ಉಗುಳುವ ಬದಲು ದೇವರ ಮುಂದೆ ಕುಳಿತು ಅವನೊಡನೆಯೇ ಜಗಳವಾಡಿ. ದಾಸರು ತಮ್ಮ ಸ್ವಾಮಿಯನ್ನು ಬೈದ ಪದಗಳು ಬೇಕಾದಷ್ಟಿವೆ, ಅವನ್ನು ನಾವು ಭಕ್ತಿಯಿಂದಲೇ ಹಾಡುತ್ತೇವೆ.

ಇಲ್ಲಿ ಕೆಲವರು ವಿರೋಧಭಕ್ತಿಯ, ಅಂದರೆ ದ್ವೇಷದಿಂದಲೇ ದೇವರನ್ನು ಸದಾ ನೆನೆಯುವ, ಮಾತನ್ನೆತ್ತುತ್ತಾರೆ. ಭಾಗವತದ ಏಳನೆಯ ಸ್ಕಂಧದ ಆರಂಭದಲ್ಲಿ ಕೃಷ್ಣನನ್ನು ನಿಂದಿಸುತ್ತಲೇ ಸತ್ತ ಶಿಶುಪಾಲ ಕೃಷ್ಣನಲ್ಲೇ ಸೇರಿದ್ದನ್ನು ಕಂಡು ಬೆರಗಾದ ಯುಧಿಷ್ಠಿರನಿಗೆ ನಾರದರು, ಗೋಪಿಯರು ಕಾಮದಿಂದಲೂ ಕಂಸ ಭಯದಿಂದಲೂ ಶಿಶುಪಾಲ ಮೊದಲಾದವರು ದ್ವೇಷದಿಂದಲೂ ಅವನನ್ನು ಹೊಂದಿದರು ಎಂದು ಹೇಳುವುದುಂಟು. ಇದನ್ನು ಹಿಡಿದು ದ್ವೇಷವೂ ಒಂದು ಸಾಧನೆಯೆಂದು ಹರಿಕಥೆಗಳಲ್ಲಿ ರಸವತ್ತಾಗಿ ಹೇಳುತ್ತಾರೆ. ಮಾಧ್ವ ಸಂಪ್ರದಾಯ ಇದನ್ನು ಒಪ್ಪುವುದಿಲ್ಲ; ದ್ವೇಷದಿಂದ ಮೋಕ್ಷವಿಲ್ಲ, ಆ ಮಾತಿಗೆ ಬೇರೆ ರೀತಿಯಲ್ಲಿ ಅರ್ಥ ಹೇಳಬೇಕು ಎಂಬುದು ನಮ್ಮವರ ನಿಲುವು. ಬೇರೆ ಸಂಪ್ರದಾಯದವರು ಒಪ್ಪದಿರಬಹುದು. ಆದರೂ ಆ ಶ್ಲೋಕ ಯಾರ ಕೈಯಲ್ಲಿದ್ದರೂ ದೇವರ ಮೇಲಿನ ದ್ವೇಷದ ಮಾತನ್ನೇ ಹೇಳುತ್ತದೆ, ಅಣ್ಣನ ಮೇಲಿನ ದ್ವೇಷಕ್ಕೆ ಅದರಲ್ಲಿ ಯಾವ ಆಸರೆಯೂ ಇಲ್ಲ.

ನಿಮಗೆ ನಾನು ತೋರಿಸಬಯಸುವುದು ಅದೇ ಸ್ಕಂಧದ ಪ್ರಹ್ಲಾದನನ್ನು. ಅವನ ಕಥೆಯನ್ನು ನಾವು ಸಹನೆಯ ಕಥೆಯಾಗಿ ಓದುತ್ತೇವೆ, ಆದರೆ ಅವನು ತಂದೆಯ ಒಂದೇ ಒಂದು ಮಾತಿಗೂ ಮಣಿದವನಲ್ಲ. ಗುರುಮನೆಯಲ್ಲಿ ಕಲಿಸಿದ್ದನ್ನು ಒಪ್ಪಲಿಲ್ಲ, ಸಭೆಯಲ್ಲಿ ಎದುರು ನುಡಿದ, ಸಹಪಾಠಿಗಳಿಗೂ ಅದನ್ನೇ ಬೋಧಿಸಿದ. ಅಷ್ಟು ವಿರೋಧಿಸಿದವನ ಮನಸ್ಸಿನಲ್ಲಿ ದ್ವೇಷ ಎಷ್ಟಿತ್ತು ಎಂಬುದು ತಿಳಿಯುವುದು ಹಿರಣ್ಯಕಶಿಪು ಸತ್ತ ಮೇಲೆ. ನರಸಿಂಹ ವರ ಕೇಳು ಎಂದಾಗ, ಮೊದಲು ಹೃದಯದಲ್ಲಿ ಕಾಮನೆಗಳೇ ಮೊಳೆಯದಿರಲಿ ಎಂದು ಬೇಡಿದ, ಆಮೇಲೆ ನಿನ್ನನ್ನು ನಿಂದಿಸಿದ ನನ್ನ ತಂದೆ ಆ ಪಾಪದಿಂದ ಶುದ್ಧನಾಗಲಿ ಎಂದು ಬೇಡಿದ. ರಾಗ ಬೇಡ ಎಂಬುದು ಒಂದು ವರ, ದ್ವೇಷವಿಲ್ಲ ಎಂಬುದಕ್ಕೆ ಸಾಕ್ಷಿ ಇನ್ನೊಂದು ವರ. ವಿರೋಧಿಸುತ್ತಲೇ ದ್ವೇಷಿಸದೆ ಇರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮಣ್ಣನಿಗೆ ಒಳ್ಳೆಯದಾಗಲಿ ಎಂದು ಸಂಕಲ್ಪದಲ್ಲಿ ಒಂದು ಮಾತು ಸೇರಿಸಿ ನೋಡಿ. ಮೊದಲ ದಿನ ಅದು ಸುಳ್ಳೆನಿಸುತ್ತದೆ. ಸುಳ್ಳೆನಿಸಿದರೂ ಹೇಳಿ.

ದ್ವೇಷ ಆಸ್ತಿಯಿದ್ದ ಕಡೆ ಮಾತ್ರ ಇರುತ್ತದೆಂದು ತಿಳಿಯಬೇಡಿ. ನಮ್ಮ ಭಜನಾಮಂಡಳಿಯಲ್ಲಿ ಮಂಗಳಾರತಿಯ ಪದವನ್ನು ಯಾರು ಎತ್ತಿಕೊಳ್ಳಬೇಕು ಎಂಬ ವಿಷಯಕ್ಕೆ ಮಾತು ಬಿಟ್ಟವರಿದ್ದಾರೆ, ಅಲ್ಲಿ ಹಂಚಿಕೊಳ್ಳಲು ಒಂದು ಗುಂಟೆ ಜಾಗವೂ ಇಲ್ಲ.

ಕೊನೆಗೆ ಒಂದು ಪ್ರಶ್ನೆ. ನಿಮ್ಮ ಬರಹದಲ್ಲಿ ಅಣ್ಣನಿದ್ದಾರೆ, ನೀವಿದ್ದೀರಿ. ಅಕ್ಕತಂಗಿಯರಿಲ್ಲವೇ? 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಕೇಳಿದ್ದು ತಪ್ಪಾಗಿದ್ದರೆ ಕ್ಷಮಿಸಿ.

ಪ್ರಶ್ನೆ ಕೇಳಿದವರ ಮರುಮಾತು: ತುಂಗಾತೀರ

ಮೇಷ್ಟ್ರಿಗೂ ಅಮ್ಮನವರಿಗೂ ಕೃತಜ್ಞತೆಗಳು. ಒಬ್ಬ ತಂಗಿಯಿದ್ದಾಳೆ, ದಾವೆಯಲ್ಲಿ ಅವಳೂ ಪಕ್ಷಗಾರಳು. ಅವಳಾಗಿ ಇದುವರೆಗೆ ಏನನ್ನೂ ಕೇಳಿಲ್ಲ.

ಅಲೆ ಏಳುವುದು ಬೇರೆ, ಅದರ ವಶವಾಗುವುದು ಬೇರೆ ಎಂಬ ಮಾತು ಓದುವಾಗ ಸ್ಪಷ್ಟವಾಗಿದೆ, ಜಪಕ್ಕೆ ಕುಳಿತಾಗ ಮಸುಕಾಗುತ್ತದೆ. ಕೈಯಲ್ಲಿ ಮಣಿ ಉರುಳುತ್ತಿರುತ್ತದೆ, ಒಳಗೆ ನಾನು ಅಣ್ಣನನ್ನು ಪಾಟೀಸವಾಲು ಮಾಡುತ್ತಿರುತ್ತೇನೆ. ವಕೀಲರು ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರಕ್ಕಾಗಿ (ಅಫಿಡವಿಟ್) ಹಳೆಯ ಸಂಗತಿಗಳನ್ನು ಬರೆದುಕೊಡಿ ಎನ್ನುತ್ತಾರೆ. ಅಣ್ಣನ ಒಳ್ಳೆಯತನವನ್ನು ನೆನೆಯಿರಿ ಎಂದು ಮೇಷ್ಟ್ರು ಹೇಳುತ್ತಾರೆ, ಅಣ್ಣನ ತಪ್ಪುಗಳನ್ನೆಲ್ಲ ನೆನೆದು ಪಟ್ಟಿ ಮಾಡಿ ಎಂದು ವ್ಯಾಜ್ಯ ಹೇಳುತ್ತದೆ. ಒಂದೇ ಮನಸ್ಸಿನಿಂದ ಈ ಎರಡನ್ನೂ ಮಾಡುವುದು ಹೇಗೆ?

ಇನ್ನೊಂದು ವಿಷಯ. ತಂದೆಯವರ ವಾರ್ಷಿಕ ಶ್ರಾದ್ಧ ಹತ್ತಿರ ಬರುತ್ತಿದೆ. ಅಣ್ಣನ ಜೊತೆ ಒಂದೇ ಮಣೆಯ ಸಾಲಿನಲ್ಲಿ ಕೂರಲು ನನಗೆ ಮನಸ್ಸಿಲ್ಲ, ಅವರಿಗೂ ಇಲ್ಲವೆಂದು ಕೇಳಿದ್ದೇನೆ. ಬೇರೆಬೇರೆಯಾಗಿ ಮಾಡಿದರೆ ದೋಷವೇ?

ಉತ್ತರ: ಬಯಲು

ನಾನು ಶರಣರ ವಚನಗಳನ್ನು ಓದಿಕೊಂಡು ಬಂದವನು, ಆದ್ದರಿಂದ ಶ್ರಾದ್ಧದ ಬಗ್ಗೆ ಏನೂ ಹೇಳುವುದಿಲ್ಲ. ಉಳಿದದ್ದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ.

ಬಸವಣ್ಣನವರು ಕೇಳುತ್ತಾರೆ: “ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ? ತನಗಾದ ಆಗೇನು? ಅವರಿಗಾದ ಚೇಗೇನು?” ನಿಮ್ಮ ಮುನಿಸಿನಿಂದ ನಿಮಗೆ ಬಂದ ಲಾಭವೇನು, ಅವರಿಗೆ ಆದ ನಷ್ಟವೇನು ಎಂಬ ಈ ಲೆಕ್ಕವನ್ನು ನೀವು ಒಮ್ಮೆಯಾದರೂ ಹಾಕಿದ್ದೀರಾ? ತನುವಿನ ಕೋಪ ಹಿರಿಯತನದ ಕೇಡು, ಮನದ ಕೋಪ ಅರಿವಿನ ಕೇಡು ಎಂದು ಅದೇ ವಚನ ಮುಂದುವರಿಯುತ್ತದೆ. ನೀವು ಜಪದಲ್ಲಿ ನಡೆಸುವ ಪಾಟೀಸವಾಲು ಅಣ್ಣನಿಗೆ ಕೇಳಿಸುವುದಿಲ್ಲ, ನ್ಯಾಯಾಧೀಶರಿಗೂ ಕೇಳಿಸುವುದಿಲ್ಲ. ಕೇಳಿಸಿಕೊಳ್ಳುತ್ತಿರುವವರು ನೀವೊಬ್ಬರೇ, ಅದರ ನೋವೂ ನಿಮಗೊಬ್ಬರಿಗೇ.

ಇಲ್ಲಿಯವರೆಗೆ ಉತ್ತರಿಸಿದ ಇಬ್ಬರೂ, ದಾವೆಯನ್ನು ನಡೆಸುತ್ತಲೇ ದ್ವೇಷವನ್ನು ಬಿಡಬಹುದು ಎಂದು ನಿಮಗೆ ಸಮಾಧಾನ ಹೇಳಿದ್ದಾರೆ. ಮಹಾತ್ಮರಿಗೆ ಅದು ಸಾಧ್ಯವಿರಬಹುದು. ನಮ್ಮಂಥವರಿಗೆ ವರ್ಷಗಟ್ಟಲೆ ನಡೆಯುವ ವ್ಯಾಜ್ಯವೇ ದ್ವೇಷಕ್ಕೆ ದಿನವೂ ಅನ್ನ ಹಾಕುತ್ತದೆ. ನೀವೇ ಈಗ ಪ್ರಮಾಣಪತ್ರದ ಮಾತು ಹೇಳಿದಿರಿ. ಆದ್ದರಿಂದ ನಾನು ಕೇಳುವುದು ಹೊರಗಿನ ಪ್ರಶ್ನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನ ಪ್ರಕಾರ ನ್ಯಾಯಾಲಯವೇ ಇಂಥ ವ್ಯಾಜ್ಯವನ್ನು ಮಧ್ಯಸ್ಥಿಕೆಗೋ ಲೋಕ ಅದಾಲತ್ತಿಗೋ ಒಪ್ಪಿಸಬಹುದು. ನೀವು ಅದನ್ನು ಬೇಕೆಂದು ಕೇಳಿದ್ದೀರಾ, ಅಥವಾ ‘ಅವನ ಜೊತೆ ಒಂದೇ ಮೇಜಿಗೆ ಕೂರುವುದಿಲ್ಲ’ ಎಂದಿದ್ದೀರಾ? ಎರಡನೆಯದಾಗಿದ್ದರೆ, ನೀವು ಹೋರಾಡುತ್ತಿರುವುದು ನ್ಯಾಯಕ್ಕಾಗಿ ಮಾತ್ರವಲ್ಲ. ಅಣ್ಣ ಸೋಲುವುದನ್ನು ಕಣ್ಣಾರೆ ನೋಡಬೇಕಾಗಿದೆ. ಅಲ್ಲಮಪ್ರಭು ಹೊನ್ನು, ಹೆಣ್ಣು, ಮಣ್ಣು ಇವು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಎಂದರು. ನಿಮ್ಮ ಮನದ ಮುಂದೆ ನಿಂತಿರುವುದು ಮಣ್ಣೋ ಗೆಲುವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ತ್ಯಾಗದ ವಿಷಯದಲ್ಲಿ ನಮ್ಮ ದಾರಿ ಸ್ವಲ್ಪ ಬೇರೆ. ಷಟ್‌ಸ್ಥಲದಲ್ಲಿ, ಅಂದರೆ ಶರಣರ ಸಾಧನೆಯ ಆರು ಮೆಟ್ಟಿಲುಗಳಲ್ಲಿ, ಭಕ್ತ, ಮಹೇಶ್ವರ ಆದ ಮೇಲೆ ಬರುವುದು ಪ್ರಸಾದಿಸ್ಥಲ. ಅಲ್ಲಿ ವಿಷಯವನ್ನು ಬಿಟ್ಟು ಓಡುವುದಿಲ್ಲ. ಕಣ್ಣು ಕಂಡ ರೂಪವನ್ನು, ನಾಲಿಗೆಯ ರುಚಿಯನ್ನು ಮೊದಲು ಲಿಂಗಕ್ಕೆ ಅರ್ಪಿಸಿ, ಅಲ್ಲಿಂದ ಬಂದದ್ದನ್ನು ಪ್ರಸಾದವಾಗಿ ಸ್ವೀಕರಿಸುತ್ತಾರೆ. ಪ್ರಸಾದದಲ್ಲಿ ಹೆಚ್ಚುಕಡಿಮೆಯ ಮಾತಿಲ್ಲ, ಪಕ್ಕದವನ ಎಲೆಗೆ ಎಷ್ಟು ಬಡಿಸಿದರು ಎಂದು ನೋಡುವಂತಿಲ್ಲ. ತೋಟದ ಅರ್ಧ ಬಂದರೂ ಪ್ರಸಾದ, ಕಾಲು ಬಂದರೂ ಪ್ರಸಾದ, ಏನೂ ಬರದಿದ್ದರೂ ಅದೇ ಎನ್ನುವ ಗಟ್ಟಿತನ ಇದ್ದರೆ ದಾವೆ ನಡೆಸಿ. ಇಲ್ಲದಿದ್ದರೆ ರಾಜಿಯಾಗಿ. ತಂಗಿಯ ವಿಷಯದಲ್ಲಿ ಮೇಲೆ ಬರೆದ ತಾಯಿ ಎತ್ತಿದ ಪ್ರಶ್ನೆಗೆ ‘ಅವಳು ಕೇಳಿಲ್ಲ’ ಎಂಬುದು ಉತ್ತರವಾಗುವುದಿಲ್ಲ ಎಂದೂ ನನಗೆ ಅನಿಸುತ್ತದೆ.

ಉತ್ತರ: ಹಳೆಯ ಮೇಷ್ಟ್ರು

ಬಯಲು ಅವರ ಮಾತಿನಲ್ಲಿ ಸತ್ಯವಿದೆ, ಮಧ್ಯಸ್ಥಿಕೆಯ ಸಲಹೆ ನನ್ನದಕ್ಕಿಂತ ಒಳ್ಳೆಯದು. ಆದರೆ ‘ಗಟ್ಟಿತನವಿಲ್ಲದಿದ್ದರೆ ರಾಜಿಯಾಗಿ’ ಎಂಬುದನ್ನು ಹಾಗೆಯೇ ಒಪ್ಪಲಾರೆ. ಒಳಗೆ ಕುದಿಯುತ್ತಲೇ ಹೊರಗೆ ಬಿಟ್ಟುಕೊಟ್ಟವರ ಸ್ಥಿತಿಯನ್ನು ಗೀತೆಯ ಎರಡನೆಯ ಅಧ್ಯಾಯ ಬಲು ಚೆನ್ನಾಗಿ ಹೇಳಿದೆ: ಉಪವಾಸವಿರುವವನಿಂದ ವಿಷಯಗಳು ದೂರ ಸರಿಯುತ್ತವೆ, ಆದರೆ ರುಚಿ ಸರಿಯುವುದಿಲ್ಲ. ಬಿಟ್ಟುಕೊಟ್ಟ ತೋಟದ ಕಡೆಗೆ ಮೂವತ್ತು ವರ್ಷ ಮುಖ ತಿರುಗಿಸಿಕೊಂಡು ನಡೆದವರು ನಮ್ಮೂರಲ್ಲೇ ಇದ್ದರು. ಅವರದ್ದು ವೈರಾಗ್ಯವೆಂದು ಯಾರೂ ಅನ್ನಲಿಲ್ಲ. ಮೇಲಾಗಿ, ತಂಗಿಯೂ ಪಕ್ಷಗಾರಳಾಗಿರುವಾಗ ಇವರೊಬ್ಬರೇ ಉದಾರಿಯಾಗಿ ಉಯಿಲನ್ನು ಒಪ್ಪಿಬಿಟ್ಟರೆ ಅವಳ ಪಾಲನ್ನೂ ದಾನ ಮಾಡಿದಂತಾಗಬಹುದು. ರಾಜಿಯೆಂದರೆ ಮೂವರೂ ಕುಳಿತು ಮಾಡಿಕೊಳ್ಳುವ ರಾಜಿ.

ಪ್ರಮಾಣಪತ್ರದ ವಿಷಯ ಕೇಳಿದಿರಿ. ನಡೆದದ್ದನ್ನು ನಡೆದಷ್ಟೇ ಬರೆಯಿರಿ. ಅಣ್ಣನ ಉದ್ದೇಶ ಇಂಥದ್ದೇ ಆಗಿತ್ತು, ಅವನ ಸ್ವಭಾವವೇ ಇಂಥದ್ದು ಎಂಬ ವಾಕ್ಯಗಳು ಎಲ್ಲಿ ಬರುತ್ತವೋ ಅವನ್ನು ಹೊಡೆದುಹಾಕಿ. ನಿಮ್ಮ ವಕೀಲರೂ ಬಹುಶಃ ಅವು ಬೇಡವೆಂದೇ ಹೇಳುತ್ತಾರೆ. ಕರಡಿನಲ್ಲಿ ಎಷ್ಟು ವಾಕ್ಯ ಹೊಡೆದಿರಿ ಎಂಬುದರಿಂದ ದ್ವೇಷದ ಅಳತೆ ತಕ್ಕಮಟ್ಟಿಗೆ ಸಿಗುತ್ತದೆ.

ಉತ್ತರ: ಮಲೆನಾಡಿನ ಪುರೋಹಿತ

ಶ್ರಾದ್ಧದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಉಳಿದ ಚರ್ಚೆ ದೊಡ್ಡವರದ್ದು.

ಅವಿಭಕ್ತರಾದ, ಅಂದರೆ ಪಾಲಾಗದೆ ಒಟ್ಟಿಗಿರುವ, ಸಹೋದರರಲ್ಲಿ ಹಿರಿಯವನು ಕರ್ತೃವಾಗಿ ಒಂದೇ ಶ್ರಾದ್ಧ ಮಾಡುವುದು, ಪಾಲಾಗಿ ವಿಭಕ್ತರಾದವರು ವಾರ್ಷಿಕವನ್ನು ಬೇರೆಬೇರೆಯಾಗಿ ಮಾಡುವುದು ಶಾಸ್ತ್ರಸಮ್ಮತವಾದ ಕ್ರಮ. ಆಸ್ತಿ ಕಾಗದದ ಮೇಲೆ ಇನ್ನೂ ಪಾಲಾಗದಿದ್ದರೂ ಒಲೆ ಬೇರೆಯಾಗಿ ಬಹುಕಾಲವಾಗಿದ್ದರೆ ಬೇರೆಯಾಗಿ ಮಾಡುವವರು ನಮ್ಮ ಕಡೆ ಅನೇಕರಿದ್ದಾರೆ. ಆದ್ದರಿಂದ ಬೇರೆ ಮಾಡಿದರೆ ದೋಷವೇ ಎಂಬ ಪ್ರಶ್ನೆಗೆ ದೋಷವಿಲ್ಲವೆಂದೇ ಉತ್ತರ. ಯಾವ ಮನಸ್ಸಿನಿಂದ ಬೇರೆ ಮಾಡುತ್ತೀರಿ ಎಂಬುದರಲ್ಲಿ ಮಾತ್ರ ದೋಷವಿರಬಹುದು.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧದ ಅನ್ನ ಬಡಿಸುವ ಸಂದರ್ಭದಲ್ಲಿ ಒಂದು ವಿಧಿಯಿದೆ: ಕಣ್ಣೀರು ಹಾಕಬಾರದು, ಕೋಪಿಸಿಕೊಳ್ಳಬಾರದು, ಸುಳ್ಳು ಹೇಳಬಾರದು. ಮುಂದಿನ ಶ್ಲೋಕ ಇದಕ್ಕೆ ಕಾರಣ ಹೇಳುತ್ತದೆ. ಕಣ್ಣೀರು ಆ ಅನ್ನವನ್ನು ಪ್ರೇತಗಳಿಗೆ ಮುಟ್ಟಿಸುತ್ತದೆ, ಕೋಪ ಅದನ್ನು ಶತ್ರುಗಳಿಗೆ ಮುಟ್ಟಿಸುತ್ತದೆ. ಮೋಹದಿಂದ ಅತ್ತರೂ ತಂದೆಗೆ ಸೇರುವುದಿಲ್ಲ, ದ್ವೇಷದಿಂದ ಕುದಿದರೂ ಸೇರುವುದಿಲ್ಲ ಎಂದಾಯಿತು. ನೀವು ಅಣ್ಣನನ್ನು ಶತ್ರುವೆಂದು ಎಣಿಸಿ ಕೋಪದಿಂದ ಪಿಂಡವಿಟ್ಟರೆ, ಶ್ಲೋಕದ ಪ್ರಕಾರ ಅದರ ಫಲ ಯಾರ ಪಾಲಿಗೆ ಹೋಗುತ್ತದೆಂದು ನೀವೇ ಯೋಚಿಸಿ. ಇದನ್ನು ಹೇಳಿದಾಗ ನಗುವ ಯಜಮಾನರೂ ಇದ್ದಾರೆ, ಆದರೆ ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅದೇ ಅಧ್ಯಾಯದಲ್ಲಿ ಇನ್ನು ಸ್ವಲ್ಪ ಮುಂದೆ, ಶ್ರಾದ್ಧದಲ್ಲಿ ಪವಿತ್ರವಾದವು ಮಗಳ ಮಗ, ಕುತಪ (ಆಸನಕ್ಕೆ ಹಾಸುವ ಉಣ್ಣೆಯ ಕಂಬಳಿ; ಮಧ್ಯಾಹ್ನದ ಕುತಪಕಾಲ ಎಂದೂ ಅರ್ಥ ಹೇಳುವುದುಂಟು) ಮತ್ತು ಎಳ್ಳು ಎಂದೂ, ಪ್ರಶಸ್ತವಾದವು ಶುಚಿತ್ವ, ಅಕ್ರೋಧ ಮತ್ತು ಆತುರವಿಲ್ಲದಿರುವುದು ಎಂದೂ ಬರುತ್ತದೆ. ನಿಮ್ಮ ತಂಗಿಗೆ ಗಂಡುಮಗುವಿದ್ದರೆ ಅವನನ್ನು ಆ ದಿನ ಖಂಡಿತ ಕರೆಯಿರಿ. ಮಗಳ ಮನೆಯವರಿಗೆ ಈ ಕರ್ಮದಲ್ಲಿ ಎಂಥ ಸ್ಥಾನವಿದೆ ಎಂಬುದನ್ನು ಜನ ಮರೆತುಬಿಟ್ಟಿದ್ದಾರೆ.

ಜಪದ ತೊಂದರೆಗೂ ಒಂದು ಮಾತು. ನೀವು ಸಂಧ್ಯಾವಂದನೆ ಮಾಡುವವರಾದರೆ ಬೆಳಗಿನ ಜಲಪ್ರಾಶನದ ಮಂತ್ರವನ್ನು ಆತುರವಾಗಿ ಹೇಳಿ ಮುಗಿಸಬೇಡಿ. “ಸೂರ್ಯಶ್ಚ ಮಾ ಮನ್ಯುಶ್ಚ ಮನ್ಯುಪತಯಶ್ಚ ಮನ್ಯುಕೃತೇಭ್ಯಃ, ಪಾಪೇಭ್ಯೋ ರಕ್ಷಂತಾಮ್” ಎಂದು ಅದರ ಆರಂಭ. ಕೋಪದಿಂದಾದ ಪಾಪಗಳಿಂದ ಕಾಪಾಡಿರೆಂದು ಬೇಡುವಾಗ ಸೂರ್ಯನ ಜೊತೆಗೆ ಕೋಪವನ್ನೇ ದೇವತೆಯಾಗಿ ಕರೆದು ಬೇಡಲಾಗಿದೆ. ನನ್ನಲ್ಲಿ ಕೋಪವಿಲ್ಲವೆಂದು ನಟಿಸುವ ಅಗತ್ಯ ಅಲ್ಲಿಲ್ಲ, ಇದೆಯೆಂದು ಒಪ್ಪಿಕೊಂಡೇ ನೀರು ಕುಡಿಯುವುದು. ಯಜುರ್ವೇದಿಗಳಲ್ಲಿ, ಜನಿವಾರ ಬದಲಿಸುವ ಉಪಾಕರ್ಮದ ದಿನ “ಕಾಮೋಽಕಾರ್ಷೀನ್ಮನ್ಯುರಕಾರ್ಷೀತ್” ಎಂಬ ಜಪ ಮಾಡುವವರಿದ್ದಾರೆ. ಕಾಮ ಮಾಡಿತು, ಕೋಪ ಮಾಡಿತು ಎಂದು ಹೇಳಿ ನಮಸ್ಕರಿಸುವುದು. ಜಪದ ನಡುವೆ ಪಾಟೀಸವಾಲು ಶುರುವಾದರೆ ಮಣಿಯನ್ನು ಅಲ್ಲಿಗೇ ನಿಲ್ಲಿಸಿ, ಒಮ್ಮೆ ಆಚಮನ ಮಾಡಿ, ಮತ್ತೆ ಮೊದಲಿನಿಂದ ಹಿಡಿಯಿರಿ. ಆ ದಿನ ಸಂಖ್ಯೆ ಪೂರ್ತಿಯಾಗದಿದ್ದರೂ ಚಿಂತೆಯಿಲ್ಲ.

ಈಗ ಮಾಡಬೇಕಾದದ್ದು. ತಿಥಿಗೆ ಒಂದೆರಡು ವಾರ ಮೊದಲು ಅಣ್ಣನಿಗೆ ನೀವೇ ದೂರವಾಣಿ ಮಾಡಿ. ಬೇರೆಯವರ ಮೂಲಕ ಹೇಳಿಕಳುಹಿಸಬೇಡಿ. ಇಂಥ ದಿನ ತಂದೆಯವರ ತಿಥಿ, ನೀವು ಹಿರಿಯರು, ನೀವು ಕರ್ತೃವಾಗಿ ಕೂರುವುದಾದರೆ ನಾನು ಹಿಂದೆ ಕೂರುತ್ತೇನೆ, ಇಲ್ಲವಾದರೆ ನಾನು ಇಲ್ಲಿ ಮಾಡುತ್ತೇನೆ ಎಂದಷ್ಟೇ ಹೇಳಿ. ಅವರು ತೋಟದ ಮಾತು ತೆಗೆದರೆ ಅದು ವಕೀಲರ ಹತ್ತಿರ ಇದೆ ಎಂದು ಹೇಳಿ ನಿಲ್ಲಿಸಿ. ಒಪ್ಪಿ ಬಂದರೆ ತಂಗಿಯನ್ನೂ ಅಳಿಯನನ್ನೂ ಕರೆಯುವ ಕೆಲಸ ನಿಮ್ಮದು, ಬಾಳೆಎಲೆಗೂ ಅಡುಗೆಯವರಿಗೂ ಈಗಲೇ ಹೇಳಿಡಿ. ಬರುವುದಿಲ್ಲವೆಂದರೆ ನಿಮ್ಮ ಪುರೋಹಿತರಿಗೆ ಮುಂಚಿತವಾಗಿ ತಿಳಿಸಿ, ಅವರು ಸಂಕಲ್ಪವನ್ನು ಅದಕ್ಕೆ ತಕ್ಕಂತೆ ಮಾಡಿಸುತ್ತಾರೆ.